ಕೈಯಿಂದ ಕೈಗೆ ಸಾಮಾನು, ಜೊತೆಯಲ್ಲೇ ಮಾಹಿತಿ

(ಗುಂಪು ಉದ್ದಿಮೆಯ ವಿಭಾಗಗಳ ನಡುವೆ ಸಂವಹನ: ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ವಾರ ವಾರ ಸಭೆ ಸೇರುವುದು, ಉಳಿತಾಯ ಕಟ್ಟುವುದು, ಸಾಲ ಪಡೆದು ಮರುಪಾವತಿ ಮಾಡುವುದು ನಮಗೆಲ್ಲ ರೂಢಿಯಾಗಿದೆ. ಈಗ ಅನೇಕ ಸಂಘಗಳು ಒಂದು ಹೆಜ್ಜೆ ಮುಂದೆ ಹೋಗಿ ಗುಂಪು ಉದ್ದಿಮೆ ನಡೆಸುತ್ತಿವೆ. ಹಪ್ಪಳ, ಸಾಂಬಾರ್ ಪುಡಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು, ಬಟ್ಟೆ ಚೀಲ, ಫಿನಾಯಿಲ್ ಹೀಗೆ ಒಂದೊಂದು ಊರಿನಲ್ಲಿ ಒಂದೊಂದು ಕೆಲಸ. ಉದ್ದಿಮೆ ಎಂದರೆ ನಾವು ಮೊದಲು ಯೋಚಿಸುವುದು ಬಂಡವಾಳ, ಯಂತ್ರ ಮತ್ತು ಮಾರುಕಟ್ಟೆಯನ್ನು. ಆದರೆ ಹಣವೂ ಇದ್ದು, ಯಂತ್ರವೂ ಇದ್ದು, ಗಿರಾಕಿಯೂ ಇದ್ದು ಉದ್ದಿಮೆ ಸೊರಗುವುದುಂಟು. "ನಂಗೆ ಯಾರೂ ಹೇಳಲೇ ಇಲ್ಲ", "ನಾನು ಹೇಳಿದ್ದೆನಲ್ಲ" ಎಂಬ ಎರಡು ಮಾತುಗಳ ನಡುವೆ ಲಾಭ ಸೋರಿ ಹೋಗುತ್ತದೆ. ಸೋರಿಕೆ ಎಲ್ಲಿ ಆಗುತ್ತದೆ, ಅದನ್ನು ಹೇಗೆ ಮುಚ್ಚಬೇಕು ಎಂಬುದೇ ಈ ಪಾಠ.

1. ಉಳಿತಾಯದ ಸಭೆಯೇ ಬೇರೆ, ಉದ್ದಿಮೆಯೇ ಬೇರೆ

1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅಲ್ಲಿಂದ ಈಚೆಗೆ ಸಂಘಗಳು ಬೆಳೆದು ನಿಂತದ್ದು ಐದು ನಿಯಮಗಳ ಮೇಲೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ಬರವಣಿಗೆ. ಇದನ್ನೇ ನಾವು ಪಂಚಸೂತ್ರ ಎನ್ನುತ್ತೇವೆ.

ಉಳಿತಾಯದ ಸಭೆಯಲ್ಲಿ ಎಲ್ಲರೂ ದುಂಡಗೆ ಕುಳಿತಿರುತ್ತೇವೆ. ಹಣ ಚಾಪೆಯ ಮೇಲೆ ಎಲ್ಲರ ಕಣ್ಣೆದುರಿಗೆ ಬೀಳುತ್ತದೆ, ಎಣಿಸುವುದು ಎಲ್ಲರಿಗೂ ಕಾಣುತ್ತದೆ, ಬರೆದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಹಾಗಾಗಿ ಅನುಮಾನಕ್ಕೆ ಜಾಗ ಕಡಿಮೆ.

ಉದ್ದಿಮೆಯಲ್ಲಿ ಹಾಗಲ್ಲ. ಒಬ್ಬರು ಸಂತೆಗೆ ಹೋಗುತ್ತಾರೆ, ಒಬ್ಬರು ಮಿಲ್ಲಿನಲ್ಲಿ ಇರುತ್ತಾರೆ, ಒಬ್ಬರು ಅಂಗಡಿಯವರ ಮುಂದೆ ನಿಂತಿರುತ್ತಾರೆ. ಕೆಲಸ ಹಂಚಿಕೊಂಡ ಕೂಡಲೇ ತಿಳಿವಳಿಕೆಯೂ ಹಂಚಿಹೋಗುತ್ತದೆ. ಪೂರ್ತಿ ಕೆಲಸ ಯಾರೊಬ್ಬರ ಕಣ್ಣಿಗೂ ಕಾಣುವುದಿಲ್ಲ. ಇದು ಯಾರ ತಪ್ಪೂ ಅಲ್ಲ, ಕೆಲಸದ ಸ್ವಭಾವವೇ ಹಾಗೆ. ಕಾಣದೇ ಇರುವುದನ್ನು ಕಾಣುವಂತೆ ಮಾಡುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

2. ನಮ್ಮ ಉದ್ದಿಮೆಯಲ್ಲೂ ವಿಭಾಗಗಳಿವೆ

'ವಿಭಾಗ' ಎಂದರೆ ದೊಡ್ಡ ಕಂಪನಿಯ ಮಾತು ಎಂದುಕೊಳ್ಳಬೇಡಿ. ಹತ್ತು ಹನ್ನೆರಡು ಜನ ಸೇರಿ ಸಾಂಬಾರ್ ಪುಡಿ ಮಾಡಿದರೂ ಅಲ್ಲಿ ಐದು ವಿಭಾಗಗಳಿರುತ್ತವೆ. ಪ್ರತಿ ವಿಭಾಗಕ್ಕೂ ಬೇರೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಗೊತ್ತಿರುತ್ತದೆ.

ಖರೀದಿ: ಮೆಣಸಿನಕಾಯಿ, ಕೊತ್ತಂಬರಿ ಬೀಜದ ಧಾರಣೆ ಏರಿದೆಯೇ, ಇಳಿದಿದೆಯೇ ಎಂಬುದು ಗೊತ್ತು.
ತಯಾರಿ: ಒಂದು ದಿನಕ್ಕೆ ಎಷ್ಟು ಕೆ.ಜಿ. ಹುರಿದು ಬೀಸಬಹುದು, ಯಾವ ಮೆಣಸಿನಕಾಯಿಗೆ ಬಣ್ಣ ಬರುತ್ತದೆ ಎಂಬುದು ಗೊತ್ತು.
ಪ್ಯಾಕಿಂಗ್: ಯಾವ ಅಳತೆಯ ಕವರ್ ಎಷ್ಟು ಉಳಿದಿದೆ, ಲೇಬಲ್ ಎಷ್ಟಿದೆ ಎಂಬುದು ಗೊತ್ತು.
ಮಾರಾಟ: ಗಿರಾಕಿ ಏನು ಕೇಳಿದರು, ಏನು ಬೈದರು ಎಂಬುದು ಗೊತ್ತು.
ಲೆಕ್ಕ: ಕೈಯಲ್ಲಿ ಎಷ್ಟು ಹಣವಿದೆ, ಯಾರಿಂದ ಎಷ್ಟು ಬರಬೇಕು ಎಂಬುದು ಗೊತ್ತು.

ಈ ಐದೂ ಸಂಗತಿಗಳು ಒಂದು ಕಡೆ ಸೇರಿದರೆ ಮಾತ್ರ ಸರಿಯಾದ ತೀರ್ಮಾನ ಸಾಧ್ಯ. ಕೆಲವು ಸಂಘಗಳಲ್ಲಿ ಒಬ್ಬರೇ ಎರಡು ವಿಭಾಗ ನೋಡಿಕೊಳ್ಳಬಹುದು. ಆಗಲೂ ಈ ಪಾಠ ಅನ್ವಯಿಸುತ್ತದೆ.

3. ಒಂದು ಉದಾಹರಣೆ ನೋಡೋಣ

ಇದು ಪಾಠಕ್ಕಾಗಿ ಕಟ್ಟಿದ ಉದಾಹರಣೆ. ಆದರೆ ಓದುವಾಗ "ಇದು ನಮ್ಮಲ್ಲೂ ಆಗಿತ್ತಲ್ಲ" ಎನಿಸಿದರೆ ಆಶ್ಚರ್ಯವಿಲ್ಲ.

ಒಂದು ಸಂಘ ಸಾಂಬಾರ್ ಪುಡಿ ಮಾಡುತ್ತದೆ. ಯಾವಾಗಲೂ ಮಾರುವುದು 100 ಗ್ರಾಂ ಪ್ಯಾಕೆಟ್. ಗೌರಿ ಹಬ್ಬಕ್ಕೆ ಮುಂಚೆ ಪೇಟೆಯ ಅಂಗಡಿಯವರೊಬ್ಬರು ಮಾರಾಟದ ಅಕ್ಕನಿಗೆ, "ಹಬ್ಬಕ್ಕೆ 200 ಗ್ರಾಮಿನ 200 ಪ್ಯಾಕೆಟ್ ಕೊಡಿ, ಒಂದಕ್ಕೆ 80 ರೂಪಾಯಿ" ಎಂದು ಹೇಳಿ 4,000 ರೂಪಾಯಿ ಮುಂಗಡವನ್ನೂ ಕೊಟ್ಟರು. ಒಟ್ಟು 40 ಕೆ.ಜಿ., 16,000 ರೂಪಾಯಿಯ ವ್ಯಾಪಾರ. ಅಕ್ಕನಿಗೆ ಖುಷಿಯೋ ಖುಷಿ.

ಬಸ್ ಸ್ಟ್ಯಾಂಡಿನಲ್ಲಿ ಖರೀದಿಯ ಅಕ್ಕ ಸಿಕ್ಕರು.

"ಹಬ್ಬಕ್ಕೆ ಇನ್ನೂರು ಪ್ಯಾಕೆಟ್ ಬೇಕಂತೆ ಕಣಕ್ಕಾ. ತಗೊಳ್ಳಿ, ಮುಂಗಡ ಕೊಟ್ಟಿದ್ದಾರೆ, ಸಾಮಾನು ತಂದುಬಿಡಿ."

"ಆಯ್ತು ಬಿಡು, ನಾಳೆನೇ ಹೋಗ್ತೀನಿ."

ಅಷ್ಟರಲ್ಲಿ ಬಸ್ಸು ಬಂತು, ಮಾತು ಅಲ್ಲಿಗೇ ಮುಗಿಯಿತು. 'ಇನ್ನೂರು ಪ್ಯಾಕೆಟ್' ಎಂದಾಗ ಖರೀದಿಯ ಅಕ್ಕ ತಿಳಿದುಕೊಂಡದ್ದು ಎಂದಿನ 100 ಗ್ರಾಂ ಪ್ಯಾಕೆಟ್. ಅಂದರೆ 20 ಕೆ.ಜಿ. ಅಷ್ಟಕ್ಕೇ ಸಾಮಾನು ತಂದರು. ತಯಾರಿಯವರು ಬಂದ ಸಾಮಾನನ್ನು ಹುರಿದು ಬೀಸಿ ಕೊಟ್ಟರು. ಕೊಡಬೇಕಾದ ಹಿಂದಿನ ಸಂಜೆ ಪ್ಯಾಕಿಂಗಿನವರು 100 ಗ್ರಾಂ ಕವರ್ ತೆಗೆದಾಗ ಮಾರಾಟದ ಅಕ್ಕ ಹೌಹಾರಿದರು. ಪುಡಿ ಅರ್ಧವೇ ಇದೆ, 200 ಗ್ರಾಂ ಕವರ್ ಒಂದೂ ಇಲ್ಲ!

ಓಡಾಟ ಶುರುವಾಯಿತು. ಊರಿನ ಅಂಗಡಿಯಲ್ಲಿ ಚಿಲ್ಲರೆ ಬೆಲೆಗೆ ಸಾಮಾನು ತಂದದ್ದಕ್ಕೆ 900 ರೂಪಾಯಿ ಹೆಚ್ಚು ಬಿತ್ತು. ಆಟೋಗೆ 350 ರೂಪಾಯಿ. ಸಾಮಾನು ತಲುಪುವಾಗ ಎರಡು ದಿನ ತಡ. ಅಂಗಡಿಯವರು, "ಹಬ್ಬದ ವ್ಯಾಪಾರ ಮುಗೀತಮ್ಮಾ, ಈಗ ಪೂರ್ತಿ ತಗೊಂಡು ನಾನೇನ್ಮಾಡ್ಲಿ?" ಎಂದು 120 ಪ್ಯಾಕೆಟ್ ಮಾತ್ರ ಇಳಿಸಿಕೊಂಡರು. 80 ಪ್ಯಾಕೆಟ್, ಅಂದರೆ 6,400 ರೂಪಾಯಿಯ ಸರಕು ವಾಪಸ್ ಬಂತು.

ಕತೆ ಇಲ್ಲಿಗೂ ಮುಗಿಯಲಿಲ್ಲ. 120 ಪ್ಯಾಕೆಟ್‌ಗೆ 9,600 ರೂಪಾಯಿ. ಅಂಗಡಿಯವರು ಮುಂಗಡ ಕಳೆದು 5,600 ಕೊಟ್ಟರು. ಲೆಕ್ಕದ ಪುಸ್ತಕದಲ್ಲಿ ಮುಂಗಡದ ನಮೂದೇ ಇಲ್ಲ, ಯಾಕೆಂದರೆ ಲೆಕ್ಕದವರಿಗೆ ಯಾರೂ ಹೇಳಿರಲಿಲ್ಲ. ಆ ಹಣದಲ್ಲಿ ಸಾಮಾನು ತಂದ ಬಿಲ್ಲು ಖರೀದಿಯ ಅಕ್ಕನ ಮನೆಯ ಗೂಡಿನಲ್ಲೇ ಉಳಿದಿತ್ತು. ತಿಂಗಳ ಸಭೆಯಲ್ಲಿ ಒಬ್ಬರು ಕೇಳಿದರು: "120 ಪ್ಯಾಕೆಟ್ ಹೋಗಿದೆ ಅಂತೀರಿ, ಬಾಕಿ 4,000 ಎಲ್ಲಿ?"

ಆ ಒಂದು ಪ್ರಶ್ನೆಗೆ ಮಾರಾಟದ ಅಕ್ಕ ಅತ್ತರು. ಬಿಲ್ಲು ಸಿಕ್ಕಿತು, ಲೆಕ್ಕ ಸರಿಹೋಯಿತು. ಆದರೆ ಮುಂದಿನ ಎರಡು ಸಭೆಗೆ ಅವರು ಬರಲೇ ಇಲ್ಲ.

ಸ್ವಲ್ಪ ನಿಲ್ಲಿಸಿ ಯೋಚಿಸಿ. ಇಲ್ಲಿ ಯಾರು ಕಳ್ಳತನ ಮಾಡಿದರು? ಯಾರೂ ಇಲ್ಲ. ಯಾರು ಸೋಮಾರಿತನ ಮಾಡಿದರು? ಯಾರೂ ಇಲ್ಲ. ಎಲ್ಲರೂ ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದರು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹಣ ಹೋಯಿತು, ಸಾಮಾನು ಹೋಯಿತು. ಮಾಹಿತಿ ಮಾತ್ರ ಅರ್ಧ ದಾರಿಯಲ್ಲಿ ಉಳಿಯಿತು. 1,250 ರೂಪಾಯಿಯ ಹೆಚ್ಚುವರಿ ಖರ್ಚು ಮತ್ತು ಉಳಿದ ಸರಕನ್ನು ಹೇಗಾದರೂ ಸರಿದೂಗಿಸಬಹುದು. ವರ್ಷಗಟ್ಟಲೆ ಕಟ್ಟಿದ ನಂಬಿಕೆಯನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.

4. ಮಾಹಿತಿ ಎಲ್ಲಿ ತಪ್ಪಿಹೋಗುತ್ತದೆ?

ಅ) "ಅವರಿಗೆ ಗೊತ್ತಿರುತ್ತೆ" ಎಂಬ ಊಹೆ. ನಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂದು ನಾವು ತಿಳಿಯುತ್ತೇವೆ. 'ಪ್ಯಾಕೆಟ್' ಎಂಬ ಒಂದೇ ಮಾತಿಗೆ ಇಬ್ಬರ ಮನಸ್ಸಿನಲ್ಲಿ ಎರಡು ತೂಕ ಇತ್ತು.

ಆ) ಬಾಯಿಮಾತು. ಮಾತು ಬಾಯಿಂದ ಬಾಯಿಗೆ ಹೋದಂತೆ ಬದಲಾಗುತ್ತದೆ. ನಾಳೆ ವಾದ ಬಂದರೆ ಸಾಕ್ಷಿಯೂ ಇರುವುದಿಲ್ಲ.

ಇ) ಸಂಕೋಚ. ಸಂಘದಲ್ಲಿ ಅತ್ತೆ, ಸೊಸೆ, ನಾದಿನಿ, ಪಕ್ಕದ ಮನೆಯವರು ಎಲ್ಲರೂ ಇರುತ್ತಾರೆ. "ದೊಡ್ಡವರನ್ನು ಮತ್ತೆ ಮತ್ತೆ ಕೇಳಿದರೆ ಏನಂದುಕೊಳ್ತಾರೋ" ಎಂದು ಚಿಕ್ಕವರು ಸುಮ್ಮನಾಗುತ್ತಾರೆ. ಓದು ಬಾರದವರು "ನಮಗೇನು ತಿಳಿಯುತ್ತೆ" ಎಂದು ಹಿಂದೆ ಕೂರುತ್ತಾರೆ.

ಈ) ಕೆಟ್ಟ ಸುದ್ದಿ ಮುಚ್ಚಿಡುವುದು. ಮೆಣಸಿನಕಾಯಿಗೆ ತೇವ ಬಂದಿದೆ, ಯಂತ್ರದ ಬೆಲ್ಟ್ ಸವೆದಿದೆ, ಗಿರಾಕಿ ದೂರು ಹೇಳಿದ್ದಾರೆ. ಇಂಥದ್ದನ್ನು ಹೇಳಿದರೆ ಬೈಗುಳ ಬೀಳುತ್ತದೆ ಎಂದು ಹೇಳದೇ ಇರುತ್ತೇವೆ. ಮೊದಲ ದಿನ ಹತ್ತು ರೂಪಾಯಿಯಲ್ಲಿ ಮುಗಿಯುವುದು ಹತ್ತನೇ ದಿನ ಸಾವಿರಕ್ಕೆ ಏರುತ್ತದೆ.

ಉ) ಮಾಹಿತಿ ಮುಂದೆ ಮಾತ್ರ ಹೋಗಿ, ಹಿಂದಕ್ಕೆ ಬಾರದಿರುವುದು. ಇದನ್ನು ನಾವು ಗಮನಿಸುವುದೇ ಕಡಿಮೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಗಾಢ ಕೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಗುಂಟೂರು ಮೆಣಸಿನಕಾಯಿಯಲ್ಲಿ ಖಾರ ಹೆಚ್ಚು. ಒಮ್ಮೆ ಧಾರಣೆ ಏರಿತೆಂದು ಖರೀದಿಯವರು ಬ್ಯಾಡಗಿ ಕಡಿಮೆ ಮಾಡಿ ಗುಂಟೂರು ಹೆಚ್ಚು ತಂದರು ಎಂದುಕೊಳ್ಳಿ. ತಯಾರಿಯವರು ಹಳೆಯ ಅಳತೆಯಲ್ಲೇ ಬೀಸಿದರು. "ಈ ಸಲ ಪುಡಿ ಬಾಯಿಗಿಡೋಕೆ ಆಗಲ್ಲ" ಎಂದು ಗಿರಾಕಿ ಹೇಳಿದ್ದು ಮಾರಾಟದವರ ಕಿವಿಯಲ್ಲೇ ಉಳಿದರೆ, ಮುಂದಿನ ಸಲವೂ ಅದೇ ಪುಡಿ ಹೋಗುತ್ತದೆ. ಮೂರನೆಯ ಸಲ ಗಿರಾಕಿ ದೂರು ಹೇಳುವುದಿಲ್ಲ. ಬೇರೆ ಕಂಪನಿಯ ಪುಡಿ ಕೊಳ್ಳುತ್ತಾರೆ, ಅಷ್ಟೆ.

5. ಬೇರೆಯವರು ಹೇಗೆ ಮಾಡಿದ್ದಾರೆ?

ಲಿಜ್ಜತ್ ಸಹೋದರಿಯರು: 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಜನ ಗೃಹಿಣಿಯರು ತಮ್ಮ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಮಾಡಲು ಕುಳಿತರು. ಬಂಡವಾಳ ಸಾಲ ತಂದ 80 ರೂಪಾಯಿ. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅವರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇಂದು ಆ ಸಂಸ್ಥೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದಾರೆ.

ಅಷ್ಟು ಜನ ಬೇರೆ ಬೇರೆ ಮನೆಗಳಲ್ಲಿ ಲಟ್ಟಿಸಿದರೂ ಹಪ್ಪಳ ಒಂದೇ ರೀತಿ ಇರುತ್ತದೆ. ಹೇಗೆ? ಹಿಟ್ಟನ್ನು ಶಾಖೆಯಲ್ಲೇ ನಾದಿ ತೂಕ ಮಾಡಿ ಕೊಡುತ್ತಾರೆ. ಸದಸ್ಯೆಯರು ಮನೆಗೆ ಒಯ್ದು ಲಟ್ಟಿಸಿ ಒಣಗಿಸಿ ಮರುದಿನ ತರುತ್ತಾರೆ. ತಂದದ್ದನ್ನು ತೂಗಿ, ಪರೀಕ್ಷಿಸಿ, ಲೆಕ್ಕ ಬರೆದು, ಕೂಲಿ ಕೊಟ್ಟು, ಆಮೇಲೆ ಪ್ಯಾಕಿಂಗಿಗೆ ಕಳಿಸುತ್ತಾರೆ. ಅಂದರೆ ಸಾಮಾನು ಕೈ ಬದಲಾಯಿಸುವ ಜಾಗದಲ್ಲೇ ತೂಕ, ಗುಣಮಟ್ಟ, ಲೆಕ್ಕ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತದೆ. "ಆಮೇಲೆ ನೋಡೋಣ" ಎಂಬ ಮಾತಿಲ್ಲ. ಆರಂಭದ ದಿನಗಳಲ್ಲಿ ಅವರಿಗೆ ಮಾರ್ಗದರ್ಶನ ಮಾಡಿದ ಛಗನ್‌ಬಾಪಾ ಎಂಬ ಹಿರಿಯರು ಒತ್ತಿ ಹೇಳಿದ್ದೂ ಎರಡೇ ಸಂಗತಿ: ಗುಣಮಟ್ಟ ಬಿಡಬೇಡಿ, ಲೆಕ್ಕ ಸರಿಯಾಗಿ ಇಡಿ.

ಮುಂಬಯಿಯ ಡಬ್ಬಾವಾಲಾಗಳು: 1890ರಿಂದ ಇವರು ಮನೆಯ ಊಟದ ಡಬ್ಬಿಗಳನ್ನು ಕಚೇರಿಗಳಿಗೆ ತಲುಪಿಸುತ್ತಿದ್ದಾರೆ. ಕೊರೋನಾ ಬರುವ ಮುಂಚೆ ಸುಮಾರು 5,000 ಜನ ಈ ಕೆಲಸದಲ್ಲಿದ್ದರು. ಹೆಚ್ಚಿನವರ ಓದು ಕಡಿಮೆ. ಒಂದು ಡಬ್ಬಿ ಸೈಕಲ್, ರೈಲು, ತಳ್ಳುಗಾಡಿ ಎಂದು ಹಲವರ ಕೈ ದಾಟಿ ಹೋಗುತ್ತದೆ. ಯಾರೂ ಯಾರಿಗೂ ವಿಳಾಸ ವಿವರಿಸುತ್ತಾ ನಿಲ್ಲುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೇ ಬಣ್ಣ, ಅಕ್ಷರ, ಅಂಕಿಗಳ ಗುರುತು ಇರುತ್ತದೆ: ಎಲ್ಲಿಂದ ಬಂತು, ಯಾವ ಸ್ಟೇಷನ್ನಿನಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ. ಓದು ಬಾರದಿದ್ದರೂ ಗುರುತು ತಿಳಿಯುತ್ತದೆ. ಮಾಹಿತಿ ಡಬ್ಬಿಯ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ.

ಜಪಾನಿನ ಚೀಟಿ: ಜಪಾನಿನ ಟೊಯೋಟಾ ಕಾರು ಕಂಪನಿಯಲ್ಲಿ 1950ರ ದಶಕದಲ್ಲಿ ತೈಇಚಿ ಓನೋ ಎಂಬುವರು ಒಂದು ಸರಳ ಕ್ರಮ ತಂದರು. ಬಿಡಿಭಾಗಗಳ ಪೆಟ್ಟಿಗೆಯ ಜೊತೆ ಒಂದು ಚೀಟಿ. ಭಾಗಗಳನ್ನು ಬಳಸಲು ತೆಗೆದಾಗ ಚೀಟಿ ಹಿಂದಿನ ವಿಭಾಗಕ್ಕೆ ಹೋಗುತ್ತದೆ. 'ಇಷ್ಟು ಮತ್ತೆ ಬೇಕು' ಎಂಬುದೇ ಅದರ ಅರ್ಥ. ಇದನ್ನು ಅವರು 'ಕಾನ್‌ಬಾನ್' ಎನ್ನುತ್ತಾರೆ. ಅಷ್ಟು ದೊಡ್ಡ ಕಾರ್ಖಾನೆಯೂ ನಂಬಿದ್ದು ಒಂದು ಚೀಟಿಯನ್ನು.

ಈ ಮೂರರಿಂದಲೂ ನಾವು ಕಲಿಯುವುದು ಒಂದೇ: ಸಾಮಾನು ಅಥವಾ ಹಣ ಕೈ ಬದಲಾಯಿಸುವಾಗಲೆಲ್ಲ ಅದರ ಮಾಹಿತಿಯೂ ಕೈ ಬದಲಾಯಿಸಬೇಕು. ಅದು ನೆನಪಿನಲ್ಲಿ ಇದ್ದರೆ ಸಾಲದು, ಕಣ್ಣಿಗೆ ಕಾಣುವಂತೆ ಇರಬೇಕು.

6. ನಮ್ಮ ಸಂಘದಲ್ಲಿ ಏನು ಮಾಡಬಹುದು?

ಮೊದಲನೆಯದು: ಆರ್ಡರ್ ಚೀಟಿ

ಕಾರ್ಬನ್ ಇಟ್ಟು ಬರೆಯುವ ಪುಸ್ತಕ ಒಂದು ಸಾಕು. ಆರ್ಡರ್ ತೆಗೆದುಕೊಂಡ ಜಾಗದಲ್ಲೇ, ಗಿರಾಕಿಯ ಎದುರಿಗೇ ಬರೆಯಿರಿ. ಮೇಲಿನ ಉದಾಹರಣೆಯ ಆರ್ಡರನ್ನು ಹೀಗೆ ಬರೆಯಬಹುದಿತ್ತು:

ಚೀಟಿ ನಂಬರ್: 14
ಏನು ಬೇಕು: ಸಾಂಬಾರ್ ಪುಡಿ
ಒಂದು ಪ್ಯಾಕೆಟ್ ತೂಕ: 200 ಗ್ರಾಂ
ಎಷ್ಟು ಪ್ಯಾಕೆಟ್: 200
ಒಟ್ಟು ತೂಕ: 40 ಕೆ.ಜಿ.
ದರ: ಒಂದಕ್ಕೆ 80 ರೂ. ಒಟ್ಟು 16,000 ರೂ.
ಮುಂಗಡ: 4,000 ರೂ. (ಯಾರ ಕೈಗೆ ಬಂತು, ಯಾರಿಗೆ ಕೊಟ್ಟಿದೆ)
ಯಾರಿಗೆ: ಅಂಗಡಿಯ ಹೆಸರು, ಫೋನ್
ಕೊಡಬೇಕಾದ ದಿನ: (ತಾರೀಖು ಮತ್ತು ವಾರ ಎರಡೂ)
ನೋಡಿದವರ ಸಹಿ ಅಥವಾ ಹೆಬ್ಬೆಟ್ಟು: ಖರೀದಿ / ತಯಾರಿ / ಪ್ಯಾಕಿಂಗ್ / ಲೆಕ್ಕ

ಒಟ್ಟು ತೂಕದ ಸಾಲನ್ನು ಬಿಡಬೇಡಿ. ಪ್ಯಾಕೆಟ್ಟಿನ ಲೆಕ್ಕದಲ್ಲಿ ತಪ್ಪಿದರೂ ಕೆ.ಜಿ. ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಕೊನೆಯ ಸಾಲು ಬಹಳ ಮುಖ್ಯ. ನಾಲ್ಕು ಸಹಿ ಆಗುವವರೆಗೆ ಆರ್ಡರ್ ಸಂಘಕ್ಕೆ ಪೂರ್ತಿ ತಲುಪಿಲ್ಲ ಎಂದೇ ತಿಳಿಯಿರಿ. ಮುಂಗಡ ಬಂದರೆ ಮೊದಲು ಲೆಕ್ಕಕ್ಕೆ ಜಮಾ, ಆಮೇಲೆ ಖರೀದಿಗೆ ಖರ್ಚು. ನೇರವಾಗಿ ಕೈಯಿಂದ ಕೈಗೆ ಹಣ ದಾಟಿಸುವುದು ಬೇಡ.

ಎರಡನೆಯದು: ಗೋಡೆಯ ಹಲಗೆ

ಕೆಲಸ ಮಾಡುವ ಕೋಣೆಯಲ್ಲಿ ಒಂದು ಕರಿಹಲಗೆ ಇಡಿ. ಅದರಲ್ಲಿ ನಾಲ್ಕು ಮನೆ: ಬಂದ ಆರ್ಡರ್, ಆಗುತ್ತಿರುವ ಕೆಲಸ, ಕೊಡಬೇಕಾದ ದಿನ, ತೊಂದರೆ ಏನಾದರೂ ಇದೆಯೇ. ಓದು ಬಾರದ ಸದಸ್ಯೆಯರಿಗಾಗಿ ಗುರುತುಗಳನ್ನು ಗೊತ್ತು ಮಾಡಿಕೊಳ್ಳಿ. ಸಾಂಬಾರ್ ಪುಡಿಗೆ ಮೆಣಸಿನಕಾಯಿ ಚಿತ್ರ, ಹಪ್ಪಳಕ್ಕೆ ದುಂಡನೆ ಗುರುತು, ಅವಸರದ ಕೆಲಸಕ್ಕೆ ಕೆಂಪು ಸೀಮೆಸುಣ್ಣ. 100 ಗ್ರಾಮಿಗೆ ಒಂದು ಗೆರೆ, 200 ಗ್ರಾಮಿಗೆ ಎರಡು ಗೆರೆ. ಯಾರು ಒಳಗೆ ಬಂದರೂ ಒಂದು ನಿಮಿಷದಲ್ಲಿ ಇಡೀ ಉದ್ದಿಮೆಯ ಸ್ಥಿತಿ ಕಾಣಬೇಕು. ಚಾಪೆಯ ಮೇಲಿನ ಉಳಿತಾಯದ ಹಣ ಎಲ್ಲರಿಗೂ ಕಾಣುತ್ತಿತ್ತಲ್ಲ, ಹಾಗೆ.

ಮೂರನೆಯದು: ಡಬ್ಬಕ್ಕೆ ಕೆಂಪು ಗೆರೆ

ಮೆಣಸಿನಕಾಯಿ ಡ್ರಮ್ಮಿಗೆ, ಕವರಿನ ಕಟ್ಟಿಗೆ, ಲೇಬಲ್ ಪೆಟ್ಟಿಗೆಗೆ ಒಂದೊಂದು ಕೆಂಪು ಗೆರೆ ಹಾಕಿ. ಸಾಮಾನು ಆ ಗೆರೆಗೆ ಇಳಿದ ದಿನ ತಯಾರಿಯವರು ಅಥವಾ ಪ್ಯಾಕಿಂಗಿನವರು ಖರೀದಿಗೆ ಚೀಟಿ ಕೊಡಬೇಕು. ಗೆರೆ ಎಲ್ಲಿ ಹಾಕುವುದು? ವಾರಕ್ಕೆ 4 ಕೆ.ಜಿ. ಮೆಣಸಿನಕಾಯಿ ಖರ್ಚಾಗುತ್ತದೆ, ಹೊಸದು ತರಲು 2 ವಾರ ಬೇಕು ಎಂದಾದರೆ 8 ಕೆ.ಜಿ. ಬೇಕೇ ಬೇಕು. ಒಂದು ವಾರದ ಭದ್ರತೆಗೆ ಇನ್ನೂ 4 ಕೆ.ಜಿ. ಸೇರಿಸಿ. ಅಂದರೆ 12 ಕೆ.ಜಿ.ಯ ಮಟ್ಟದಲ್ಲಿ ಗೆರೆ. ಹಬ್ಬದ ತಿಂಗಳಲ್ಲಿ ಮಾರಾಟದವರನ್ನು ಕೇಳಿ ಗೆರೆಯನ್ನು ಮೇಲಕ್ಕೆ ಏರಿಸಿ.

ನಾಲ್ಕನೆಯದು: ಬ್ಯಾಚ್ ಸಂಖ್ಯೆ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಕೆಳಗೆ ಬಂದ ನಿಯಮಗಳ ಪ್ರಕಾರ ಆಹಾರದ ಪ್ಯಾಕೆಟ್ ಮೇಲೆ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬುದು, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಸಂಖ್ಯೆ ಇರಬೇಕು. ಇದನ್ನು ಬರೀ ಸರ್ಕಾರದ ಕಾಟ ಎಂದುಕೊಳ್ಳಬೇಡಿ. ಬ್ಯಾಚ್ ಸಂಖ್ಯೆ ವಿಭಾಗಗಳನ್ನು ಜೋಡಿಸುವ ದಾರ. ತಯಾರಿಯವರು ಬೀಸಿದ ದಿನ, ಯಾವ ಮೆಣಸಿನಕಾಯಿ, ಎಷ್ಟು ಕೆ.ಜಿ. ಎಂದು ಬರೆದು ಪುಡಿಯ ಡಬ್ಬದ ಮೇಲೆ ಚೀಟಿ ಅಂಟಿಸಬೇಕು. ಅದನ್ನು ನೋಡಿಯೇ ಪ್ಯಾಕಿಂಗಿನವರು ಲೇಬಲ್ ಮೇಲೆ ಸಂಖ್ಯೆ ಹಾಕಬೇಕು. ನಾಳೆ 'ಪುಡಿ ಗಂಟು ಕಟ್ಟಿದೆ' ಎಂಬ ದೂರು ಬಂದರೆ ಆ ಬ್ಯಾಚನ್ನು ಮಾತ್ರ ವಾಪಸ್ ತಂದರೆ ಸಾಕು. ಸಂಖ್ಯೆ ಇಲ್ಲದಿದ್ದರೆ ಎಲ್ಲ ಅಂಗಡಿಯಿಂದಲೂ ಎಲ್ಲ ಪ್ಯಾಕೆಟ್ ತರಬೇಕಾಗುತ್ತದೆ.

ಐದನೆಯದು: ಹತ್ತು ನಿಮಿಷದ ನಿಂತ ಸಭೆ

ಕೆಲಸ ಇರುವ ದಿನ, ಕೆಲಸ ಶುರು ಮಾಡುವ ಮುಂಚೆ, ಎಲ್ಲ ವಿಭಾಗದವರೂ ಹಲಗೆಯ ಮುಂದೆ ನಿಂತು ಮೂರೇ ಪ್ರಶ್ನೆಗೆ ಉತ್ತರ ಹೇಳಬೇಕು: ನಿನ್ನೆ ಏನಾಯಿತು? ಇವತ್ತು ಏನು ಮಾಡುತ್ತೇನೆ? ನನಗೆ ಯಾರಿಂದ ಏನು ಬೇಕು? ಚರ್ಚೆ, ವಾದ, ಊರ ಸುದ್ದಿ ಇಲ್ಲಿ ಬೇಡ. ದೊಡ್ಡ ವಿಷಯವಿದ್ದರೆ ವಾರದ ಸಭೆಗೆ ಇಡಿ. ಕೂತರೆ ಮಾತು ಬೆಳೆಯುತ್ತದೆ, ಅದಕ್ಕೇ ನಿಂತೇ ಮುಗಿಸಿ.

ಆರನೆಯದು: ಕೇಳಿದ್ದನ್ನು ತಿರುಗಿ ಹೇಳುವುದು

"ಆಯ್ತಕ್ಕಾ" ಎಂದರೆ ಕೇಳಿಸಿತು ಎಂದರ್ಥ, ತಿಳಿಯಿತು ಎಂದಲ್ಲ. ಖರೀದಿಯ ಅಕ್ಕ ಅಂದು ಬಸ್ ಸ್ಟ್ಯಾಂಡಿನಲ್ಲಿ "ಅಂದ್ರೆ ನೂರು ಗ್ರಾಮಿನ ಇನ್ನೂರು, ಇಪ್ಪತ್ತು ಕೆ.ಜಿ. ಅಲ್ವಾ?" ಎಂದು ತಿರುಗಿ ಹೇಳಿದ್ದರೆ ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಹೇಳಿದವರೇ "ಎಲ್ಲಿ, ಒಂದ್ಸಲ ಹೇಳಿ ನೋಡೋಣ" ಎಂದು ಕೇಳಬೇಕು. ಇದರಲ್ಲಿ ಯಾರಿಗೂ ಅವಮಾನವಿಲ್ಲ ಎಂದು ಸಂಘದಲ್ಲಿ ನಿರ್ಣಯವನ್ನೇ ಮಾಡಿಕೊಳ್ಳಿ.

ಏಳನೆಯದು: ತಿಂಗಳಿಗೊಂದು ದಿನ ಜಾಗ ಬದಲು

ತಿಂಗಳಿಗೆ ಒಂದು ದಿನ ಹುರಿಯುವವರು ಅಂಗಡಿಗೆ ಹೋಗಲಿ, ಮಾರಾಟದವರು ಒಲೆಯ ಮುಂದೆ ಕೂರಲಿ. ಮಾರಾಟದವರು "ನಾಳೆನೇ 40 ಕೆ.ಜಿ. ಕೊಡ್ತೀವಿ" ಎಂದು ಒಪ್ಪಿಕೊಂಡು ಬರುವುದು ಆಗ ಕಡಿಮೆಯಾಗುತ್ತದೆ. "ಮಾರಾಟದವರಿಗೇನು, ತಿರುಗಾಡಿಕೊಂಡು ಬರ್ತಾರೆ" ಎಂಬ ಮಾತೂ ನಿಲ್ಲುತ್ತದೆ.

7. ಫೋನಿದೆಯಲ್ಲ, ಚೀಟಿ ಯಾಕೆ?

ಈಗ ಬಹಳ ಸಂಘಗಳು ವಾಟ್ಸಾಪ್ ಗುಂಪು ಮಾಡಿಕೊಂಡಿವೆ. ಒಳ್ಳೆಯದೇ. ಆರ್ಡರ್ ಚೀಟಿಯ ಫೋಟೋ ತೆಗೆದು ಹಾಕಿದರೆ ಎಲ್ಲರಿಗೂ ಒಂದೇ ಕ್ಷಣದಲ್ಲಿ ತಲುಪುತ್ತದೆ. ಆದರೆ ಎಚ್ಚರ: ಎಲ್ಲರ ಕೈಯಲ್ಲೂ ಅಂಥ ಫೋನ್ ಇರುವುದಿಲ್ಲ. ಕೆಲವರ ಮನೆಯಲ್ಲಿ ಫೋನ್ ಇರುವುದು ಗಂಡನ ಬಳಿಯೋ ಮಗನ ಬಳಿಯೋ. ನೂರಾರು ಶುಭೋದಯದ ಚಿತ್ರಗಳ ನಡುವೆ ಆರ್ಡರ್ ಮುಳುಗಿಹೋಗುತ್ತದೆ. ಆದ್ದರಿಂದ ಕೆಲಸಕ್ಕೆಂದೇ ಬೇರೆ ಗುಂಪು ಇರಲಿ, ಅದರಲ್ಲಿ ಕೆಲಸದ ಮಾತು ಮಾತ್ರ ಇರಲಿ. ನೋಡಿದವರು "ತಯಾರಿ ನೋಡಿದೆ", "ಲೆಕ್ಕ ನೋಡಿದೆ" ಎಂದು ಉತ್ತರಿಸಲಿ. ಫೋನ್ ಇಲ್ಲದವರಿಗೆ ಹೇಳುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ಮೂಲ ಚೀಟಿ ಮತ್ತು ಹಲಗೆ ಹೇಗೂ ಇದ್ದೇ ಇರಲಿ.

8. ತಪ್ಪಾದಾಗ ಹೇಗೆ ಮಾತಾಡಬೇಕು?

ಎಷ್ಟು ಎಚ್ಚರವಹಿಸಿದರೂ ತಪ್ಪು ಆಗುತ್ತದೆ. ಆಗ ನಾವು ಕೇಳುವ ಮೊದಲ ಪ್ರಶ್ನೆ "ಯಾರು ಮಾಡಿದ್ದು?" ಎಂಬುದು. ಈ ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ತಮ್ಮನ್ನು ಉಳಿಸಿಕೊಳ್ಳಲು ನೋಡುತ್ತಾರೆ, ನಿಜ ಹೊರಗೆ ಬರುವುದಿಲ್ಲ. ಅದರ ಬದಲು "ಮಾಹಿತಿ ಎಲ್ಲಿ ನಿಂತಿತು?" ಎಂದು ಕೇಳಿ. ಆರ್ಡರಿನ ದಾರಿಯನ್ನು ಮೊದಲಿನಿಂದ ನಡೆದುಕೊಂಡು ಬನ್ನಿ: ಗಿರಾಕಿ, ಮಾರಾಟ, ಖರೀದಿ, ತಯಾರಿ, ಪ್ಯಾಕಿಂಗ್, ಲೆಕ್ಕ. ನಿಂತ ಜಾಗ ಸಿಗುತ್ತದೆ. ಆ ಜಾಗದಲ್ಲಿ ಏನು ಬದಲಾಯಿಸಬೇಕು ಎಂದು ನಿರ್ಣಯ ಬರೆಯಿರಿ.

ಮೂರು ಕಟ್ಟುಪಾಡುಗಳನ್ನು ಒಪ್ಪಿಕೊಳ್ಳೋಣ. ಕೆಟ್ಟ ಸುದ್ದಿಯನ್ನು ಮೊದಲು ತಂದವರನ್ನು ಬೈಯುವಂತಿಲ್ಲ. ಹಣದ ಬಗ್ಗೆ ಅನುಮಾನ ಬಂದರೆ ಬಾವಿಕಟ್ಟೆಯಲ್ಲಿ ಅಲ್ಲ, ಸಭೆಯಲ್ಲಿ, ಪುಸ್ತಕ ಮುಂದಿಟ್ಟುಕೊಂಡು ಕೇಳಬೇಕು. ಪುಸ್ತಕ ನೋಡುವ ಮುಂಚೆ ಯಾರ ಮೇಲೂ ಮಾತು ಹೊರಿಸುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರತಿನಿಧಿಗಳಿಗೂ ಪ್ರೇರಕಿಯರಿಗೂ ಒಂದು ಮಾತು. ವಿಭಾಗಗಳ ನಡುವಿನ ಎಲ್ಲ ಸುದ್ದಿಯೂ ನಿಮ್ಮ ಮೂಲಕವೇ ಹೋಗಬೇಕೆಂದು ಬಯಸಬೇಡಿ. ನೀವು ಒಂದು ದಿನ ಜ್ವರ ಬಂದು ಮಲಗಿದರೆ ಉದ್ದಿಮೆಯೂ ಮಲಗಬಾರದು. ಪ್ಯಾಕಿಂಗಿನವರು ತಯಾರಿಯವರನ್ನು ನೇರವಾಗಿ ಕೇಳುವಂತಾದರೆ ಅದೇ ನಿಮ್ಮ ಯಶಸ್ಸು.

9. ಸಭೆಯಲ್ಲಿ ಮಾಡುವ ಚಟುವಟಿಕೆ (20 ನಿಮಿಷ)

ಎಲ್ಲರೂ ದುಂಡಗೆ ಕುಳಿತುಕೊಳ್ಳಿ. ಮೊದಲನೆಯವರ ಕಿವಿಯಲ್ಲಿ ಈ ಆರ್ಡರ್ ಹೇಳಿ: "ಮುಂದಿನ ಬುಧವಾರ ಹಾಸ್ಟೆಲ್ಲಿಗೆ ಅರ್ಧ ಕೆ.ಜಿ.ಯ 30 ಪ್ಯಾಕೆಟ್ ಚಟ್ನಿಪುಡಿ, ಬೆಳ್ಳುಳ್ಳಿ ಹಾಕಬಾರದು, ಸಾವಿರ ರೂಪಾಯಿ ಮುಂಗಡ ಬಂದಿದೆ." ಅವರು ಪಕ್ಕದವರ ಕಿವಿಯಲ್ಲಿ, ಹೀಗೆ ಕೊನೆಯವರೆಗೆ ಹೋಗಲಿ. ಎರಡನೇ ಸಲ ಹೇಳುವಂತಿಲ್ಲ, ಕೇಳುವಂತಿಲ್ಲ. ಕೊನೆಯವರು ಗಟ್ಟಿಯಾಗಿ ಹೇಳಲಿ. ನಗು ಬರುವುದು ಖಂಡಿತ. ನಕ್ಕಾದ ಮೇಲೆ ಎಣಿಸಿ: ದಿನ, ತೂಕ, ಸಂಖ್ಯೆ, ಬೆಳ್ಳುಳ್ಳಿ, ಮುಂಗಡ, ಈ ಐದರಲ್ಲಿ ಎಷ್ಟು ಉಳಿಯಿತು?

ಈಗ ಇನ್ನೊಂದು ಆರ್ಡರನ್ನು ಚೀಟಿಯಲ್ಲಿ ಬರೆದು ದಾಟಿಸಿ. ಪ್ರತಿಯೊಬ್ಬರೂ ಪಕ್ಕದವರಿಗೆ ಓದಿ ಹೇಳಲಿ, ಅವರು ತಿರುಗಿ ಹೇಳಲಿ. ಎರಡರ ವ್ಯತ್ಯಾಸ ನೋಡಿ.

10. ಚರ್ಚೆಗೆ ಪ್ರಶ್ನೆಗಳು

• ಉದಾಹರಣೆಯಲ್ಲಿ ಮಾಹಿತಿ ಯಾವ ಯಾವ ಜಾಗದಲ್ಲಿ ನಿಂತಿತು? ಕನಿಷ್ಠ ಮೂರು ಜಾಗ ಗುರುತಿಸಿ.
• ನಮ್ಮ ಉದ್ದಿಮೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ ಯಾವುದು? ಅವರು ಒಂದು ವಾರ ಊರಲ್ಲಿ ಇಲ್ಲದಿದ್ದರೆ ಏನಾಗುತ್ತದೆ?
• ಗಿರಾಕಿಯ ಕೊನೆಯ ದೂರು ತಯಾರಿಯವರಿಗೆ ತಲುಪಿತೇ? ಎಷ್ಟು ದಿನ ಹಿಡಿಯಿತು?
• ಸಭೆಯಲ್ಲಿ ಬಾಯಿ ಬಿಡದ ಸದಸ್ಯೆಯರು ಯಾರು? ಅವರು ಮಾತಾಡುವಂತೆ ನಾವು ಏನು ಮಾಡಬಹುದು?

11. ಮುಂದಿನ ಸಭೆಯೊಳಗೆ ಮಾಡಬೇಕಾದದ್ದು

• ಪ್ರತಿ ವಿಭಾಗದವರೂ ತಮ್ಮ ಮುಂದಿನ ವಿಭಾಗದವರನ್ನು ಒಂದು ಪ್ರಶ್ನೆ ಕೇಳಿ ಬನ್ನಿ: "ನಿಮ್ಮ ಕೆಲಸ ಸುಲಭವಾಗಬೇಕಾದರೆ ನಾನು ನಿಮಗೆ ಏನನ್ನು ಮುಂಚೆಯೇ ಹೇಳಬೇಕು?"
• ಆರ್ಡರ್ ಚೀಟಿಯ ಪುಸ್ತಕ ಮತ್ತು ಹಲಗೆ ತನ್ನಿ.
• ಮೂರು ಸಾಮಾನಿಗೆ ಕೆಂಪು ಗೆರೆ ಹಾಕಿ.

ಏಳು ಕ್ರಮಗಳನ್ನೂ ಒಂದೇ ಸಲ ಹಿಡಿಯಬೇಡಿ. ಮೊದಲ ತಿಂಗಳು ಚೀಟಿ ಮತ್ತು ಹಲಗೆ ಸಾಕು. ಅವು ರೂಢಿಯಾದ ಮೇಲೆ ಉಳಿದವು.

ನೆನಪಿಡಿ

• ಸಾಮಾನು ಕೈ ಬದಲಾದರೆ ಮಾಹಿತಿಯೂ ಕೈ ಬದಲಾಗಬೇಕು.
• ಹೇಳಿದರೆ ಸಾಲದು, ತಲುಪಿತೇ ಎಂದು ನೋಡಬೇಕು.
• ಮುಂಗಡ ಮೊದಲು ಪುಸ್ತಕಕ್ಕೆ, ಆಮೇಲೆ ಖರ್ಚಿಗೆ.
• ಗಿರಾಕಿಯ ದೂರು ಒಲೆಯವರೆಗೂ ಹೋಗಬೇಕು.
• "ಯಾರು?" ಎಂದು ಕೇಳುವ ಮುಂಚೆ "ಎಲ್ಲಿ?" ಎಂದು ಕೇಳೋಣ.